ಪಿಎ ಆಗಬಯಸುವವರಿಗೆ: ಅರ್ಜಿ, ಸಂದರ್ಶನ ಮತ್ತು ಅದಕ್ಕೂ ಮೊದಲಿನ ಕೆಲಸ

ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಕೋರ್ಸಿಗೆ ಸೇರಲು ಸಿದ್ಧರಾಗುತ್ತಿರುವವರಿಂದ ಮತ್ತು ಅವರ ಪೋಷಕರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಜೀವಶಾಸ್ತ್ರದಲ್ಲಿ ಪದವಿಯ ಎರಡನೆಯ ವರ್ಷ ಓದುತ್ತಿರುವ ನಮ್ಮ ಮಗಳು, ವೈದ್ಯಕೀಯ ಕಾಲೇಜಿನ ಬದಲು ಪಿಎ ಕೋರ್ಸಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅದು ವೈದ್ಯರ ಕೈಕೆಳಗಿನ ಸಹಾಯಕರ ಕೆಲಸವಲ್ಲವೇ ಎಂಬ ಅನುಮಾನ ನಮಗಿದೆ. ಅವಳ ಜಿಪಿಎ, ಅಂದರೆ 4ಕ್ಕೆ ಲೆಕ್ಕಹಾಕುವ ಗ್ರೇಡುಗಳ ಸರಾಸರಿ, 3.4 ಇದೆ, ಒಂದು ರಸಾಯನಶಾಸ್ತ್ರ ಕೋರ್ಸಿನಲ್ಲಿ ಸಿ ಗ್ರೇಡ್ ಬಂದಿದೆ. ಈಗಿನಿಂದ ಏನು ಮಾಡಬೇಕು?

ಉತ್ತರ: ಪಿಎಗಳು ರೋಗಿಗಳನ್ನು ಪರೀಕ್ಷಿಸುತ್ತಾರೆ, ರೋಗನಿರ್ಣಯ ಮಾಡುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುತ್ತಾರೆ ಮತ್ತು 50 ರಾಜ್ಯಗಳಲ್ಲಿಯೂ ಔಷಧಿ ಬರೆದುಕೊಡುತ್ತಾರೆ. ವೈದ್ಯರೊಂದಿಗಿನ ಕಾನೂನು ಸಂಬಂಧ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಆಯಾ ರಾಜ್ಯ ನಿರ್ಧರಿಸುತ್ತದೆ. ಆದ್ದರಿಂದ ಈ ವೃತ್ತಿಯನ್ನು ಕೈಕೆಳಗಿನ ಕೆಲಸ ಎಂದು ನೋಡಬೇಕಾಗಿಲ್ಲ. ಆದರೆ ಒಬ್ಬರೇ ನಿಂತು ಮಾಡುವ ಕೆಲಸವಲ್ಲ, ತಂಡದೊಳಗಿನ ಕೆಲಸ ಎಂಬುದನ್ನು ಮಗಳು ಮನಸಾರೆ ಒಪ್ಪಿರಬೇಕು.

ಈ ವೃತ್ತಿಯ ಮೂಲವನ್ನು ತಿಳಿದರೆ ಸಿದ್ಧತೆ ಎಲ್ಲಿಂದ ಆರಂಭವಾಗಬೇಕು ಎಂಬುದೂ ಸ್ಪಷ್ಟವಾಗುತ್ತದೆ. ವೈದ್ಯರ ಕೊರತೆಯಿದ್ದ ಕಾಲದಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಅನುಭವ ಪಡೆದಿದ್ದ ನಾಲ್ವರನ್ನು ಸೇರಿಸಿಕೊಂಡು ಮೊದಲ ತರಗತಿಯನ್ನು ಆರಂಭಿಸಿದರು. ರೋಗಿಯನ್ನು ಮುಟ್ಟಿ ಆರೈಕೆ ಮಾಡಿದವರಿಗೆ ವೈದ್ಯಶಾಸ್ತ್ರವನ್ನು ಕಡಿಮೆ ಅವಧಿಯಲ್ಲಿ ಕಲಿಸಬಹುದು ಎಂಬ ನಂಬಿಕೆಯ ಮೇಲೆ ಈ ಶಿಕ್ಷಣ ನಿಂತಿದೆ. ಇಂದಿಗೂ ಬಹಳಷ್ಟು ಕೋರ್ಸ್‌ಗಳು ಸುಮಾರು 27 ತಿಂಗಳಲ್ಲಿ ಮುಗಿಯುತ್ತವೆ. ಅರ್ಧದಷ್ಟು ಕಾಲ ತರಗತಿ, ಉಳಿದದ್ದು ಆಸ್ಪತ್ರೆ ಮತ್ತು ಕ್ಲಿನಿಕ್‌ಗಳಲ್ಲಿ ತರಬೇತಿ. ಆ ವೇಗಕ್ಕೆ ಹೊಂದಿಕೊಳ್ಳಲು ಮೊದಲೇ ರೋಗಿಗಳ ಒಡನಾಟ ಇರಬೇಕೆಂದು ಬಹುತೇಕ ಸಂಸ್ಥೆಗಳು ಬಯಸುತ್ತವೆ. ಕೆಲವು 500 ಗಂಟೆ ಸಾಕೆಂದರೆ ಕೆಲವು 1,000, ಇನ್ನು ಕೆಲವು 2,000 ಗಂಟೆ ಕೇಳುತ್ತವೆ.

ಹೀಗಾಗಿ ನಿಮ್ಮ ಮಗಳು ಬರುವ ಬೇಸಿಗೆಯಲ್ಲಿಯೇ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಅಥವಾ ಸಿಎನ್‌ಎ (ಪ್ರಮಾಣಿತ ನರ್ಸಿಂಗ್ ಸಹಾಯಕ) ತರಬೇತಿ ಪಡೆದು, ಓದಿನ ಜೊತೆಗೆ ವಾರಕ್ಕೆ ಒಂದೆರಡು ಪಾಳಿಯಾದರೂ ಕೆಲಸ ಮಾಡಲಿ ಎಂಬುದು ನನ್ನ ಸಲಹೆ. ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವ, ಮಗ್ಗುಲು ಬದಲಿಸುವ, ಊಟ ಮಾಡಿಸುವ ಸಿಎನ್‌ಎ ಕೆಲಸವನ್ನು ನಮ್ಮ ಕುಟುಂಬಗಳಲ್ಲಿ ಹಲವರು ಕೀಳಾಗಿ ಕಾಣುತ್ತಾರೆ, ಇದು ನನಗೆ ನೋವು ತರುವ ಸಂಗತಿ. ಕಾಯಿಲೆ ಮನುಷ್ಯನ ಘನತೆಗೆ ಏನು ಮಾಡುತ್ತದೆ ಎಂಬುದನ್ನು ಅದಕ್ಕಿಂತ ಹತ್ತಿರದಿಂದ ಕಲಿಸುವ ಕೆಲಸ ಇನ್ನೊಂದಿಲ್ಲ.

ಗ್ರೇಡಿನ ವಿಷಯ. ಅರ್ಜಿಗಳೆಲ್ಲ ಸಾಮಾನ್ಯವಾಗಿ ಕ್ಯಾಸ್ಪಾ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಹೋಗುತ್ತವೆ. ಕಾಲೇಜಿನಲ್ಲಿ ಒಂದು ಕೋರ್ಸನ್ನು ಮತ್ತೆ ಓದಿ ಹಳೆಯ ಗ್ರೇಡನ್ನು ಅಳಿಸಿಕೊಂಡಿದ್ದರೂ ಕ್ಯಾಸ್ಪಾ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 60 ಕ್ರೆಡಿಟ್‌ಗಳಲ್ಲಿ 3.4 ಇರುವವರು 4 ಕ್ರೆಡಿಟ್‌ನ ಕೋರ್ಸೊಂದರಲ್ಲಿ ಎ ಪಡೆದರೆ ಸರಾಸರಿ 3.44ಕ್ಕೆ ಏರುತ್ತದೆ, ಅದು ಹಳೆಯ ಕೋರ್ಸಾದರೂ ಹೊಸದಾದರೂ ಏರಿಕೆ ಅಷ್ಟೇ. ಆದ್ದರಿಂದ ಅವಳು ಆರಿಸಿಕೊಂಡ ಸಂಸ್ಥೆ ಸಿ ಗ್ರೇಡನ್ನು ಒಪ್ಪುವುದಾದರೆ, ಅದನ್ನೇ ಮತ್ತೆ ಓದುವ ಬದಲು ಜೀವರಸಾಯನಶಾಸ್ತ್ರದಂತಹ ಮೇಲಿನ ಹಂತದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿ ತೋರಿಸುವುದು ಹೆಚ್ಚು ಉಪಯುಕ್ತ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳನ್ನು ಬಹುತೇಕ ಎಲ್ಲರೂ ಕೇಳುತ್ತಾರೆ.

ಪ್ರಶ್ನೆ: ಭಾರತದಲ್ಲಿ ಬಿಡಿಎಸ್ ಮುಗಿಸಿ ಮೂರು ವರ್ಷ ದಂತವೈದ್ಯೆಯಾಗಿ ಕೆಲಸ ಮಾಡಿದ್ದೇನೆ. ಈಗ ಪತಿಯ ಜೊತೆ ಎಚ್-4, ಅಂದರೆ ಅವಲಂಬಿತರ ವೀಸಾದಲ್ಲಿ ಇಲ್ಲಿದ್ದೇನೆ. ನನ್ನ ಪದವಿ ಮತ್ತು ಅನುಭವ ಪಿಎ ಪ್ರವೇಶಕ್ಕೆ ನಡೆಯುತ್ತವೆಯೇ?

ಉತ್ತರ: ಕೆಲವು ಕಡೆ ನಡೆಯುತ್ತವೆ, ಹಲವು ಕಡೆ ಭಾಗಶಃ ಮಾತ್ರ. ಮೊದಲು ನಿಮ್ಮ ಅಂಕಪಟ್ಟಿಗಳನ್ನು ವಿದೇಶದ ಪದವಿಗಳನ್ನು ಅಳೆದು ವರದಿ ಕೊಡುವ ಡಬ್ಲ್ಯುಇಎಸ್‌ನಂತಹ ಸಂಸ್ಥೆಯಿಂದ ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಿಕೊಳ್ಳಿ. ಪದವಿಯನ್ನು ಒಪ್ಪುವ ಸಂಸ್ಥೆಗಳು ಕೂಡ, ಕಡ್ಡಾಯ ವಿಜ್ಞಾನ ಕೋರ್ಸ್‌ಗಳನ್ನು ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನಲ್ಲಿಯೇ ಓದಿರಬೇಕೆಂದು ಹೇಳುವುದು ಸಾಮಾನ್ಯ. ವಿದೇಶದ ಕೋರ್ಸ್‌ಗಳು ಕ್ಯಾಸ್ಪಾ ಲೆಕ್ಕಹಾಕುವ ಜಿಪಿಎಗೆ ಸೇರುವುದಿಲ್ಲ. ಹಾಗಾಗಿ ನೀವು ಇಲ್ಲಿ ಓದುವ ಏಳೆಂಟು ಕೋರ್ಸ್‌ಗಳೇ ನಿಮ್ಮ ಜಿಪಿಎ ಆಗಿಬಿಡುತ್ತವೆ, ಒಂದೊಂದು ಗ್ರೇಡೂ ಭಾರವಾಗುತ್ತದೆ. ಖರ್ಚು ಕಡಿಮೆಯಾಗಲೆಂದು ಕಮ್ಯುನಿಟಿ ಕಾಲೇಜನ್ನು ಆರಿಸುವ ಮುನ್ನ, ಅಲ್ಲಿನ ಕ್ರೆಡಿಟ್‌ಗಳನ್ನು ನೀವು ಬಯಸುವ ಸಂಸ್ಥೆಗಳು ಒಪ್ಪುತ್ತವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರವನ್ನು ಇಟ್ಟುಕೊಳ್ಳಿ.

ಇದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ವೀಸಾ. ಎಚ್-4ರಲ್ಲಿ ಓದಬಹುದು, ಆದರೆ ಇಎಡಿ ಎಂಬ ಉದ್ಯೋಗ ಅನುಮತಿ ಪತ್ರ ಇಲ್ಲದೆ ಸಂಬಳದ ಕೆಲಸ ಮಾಡುವಂತಿಲ್ಲ. ಹೆಚ್ಚಿನ ರೋಗಿ ಆರೈಕೆಯ ಉದ್ಯೋಗಗಳು ಸಂಬಳದವೇ ಆಗಿರುವುದರಿಂದ ಇದು ನೇರವಾಗಿ ನಿಮ್ಮ ಅರ್ಜಿಯನ್ನು ತಟ್ಟುತ್ತದೆ. ನಾಗರಿಕರನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಪರಿಗಣಿಸುವ ಸಂಸ್ಥೆಗಳೂ ಇವೆ. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಎಚ್-4ರಲ್ಲಿ ಇರುವವರಿಗೆ ಸಿಗುವುದಿಲ್ಲ. ಅರ್ಜಿ ಶುಲ್ಕಕ್ಕೆ ಹಣ ಕಟ್ಟುವ ಮೊದಲು, ನಿಮಗೆ ನಿಜವಾಗಿ ತೆರೆದಿರುವ ಸಂಸ್ಥೆಗಳು ಯಾವುವು ಎಂಬ ಪಟ್ಟಿ ಕೈಯಲ್ಲಿರಲಿ. ಅದು ಚಿಕ್ಕದಾಗಿರುತ್ತದೆ, ಆದರೂ ಅದರಿಂದಲೇ ಆರಂಭಿಸಬೇಕು.

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗದಲ್ಲಿ ಸ್ಕ್ರೈಬ್, ಅಂದರೆ ವೈದ್ಯರ ಪರವಾಗಿ ರೋಗಿಯ ದಾಖಲೆ ಬರೆಯುವವನಾಗಿ, 1,800 ಗಂಟೆ ಕೆಲಸ ಮಾಡಿದ್ದೇನೆ, ಜಿಪಿಎ 3.6. ಆದರೂ ಕಳೆದ ಬಾರಿ ಎಲ್ಲ ಕಡೆಯಿಂದ ನಿರಾಕರಣೆ ಬಂತು. ನನ್ನ ಪ್ರಬಂಧ ಬಾಲ್ಯದಲ್ಲಿ ಅಜ್ಜಿಯ ಕಾಯಿಲೆ ನೋಡಿದ್ದರಿಂದ ಆರಂಭವಾಗುತ್ತದೆ. ಆಗಸ್ಟ್ ಕೊನೆಯಲ್ಲಿ ಅರ್ಜಿ ಹಾಕಿದ್ದೆ. ತಪ್ಪಿದ್ದು ಎಲ್ಲಿ?

ಉತ್ತರ: ನೀವು ಬರೆದ ಮೂರು ಸಂಗತಿಗಳಲ್ಲಿಯೂ ಸರಿಪಡಿಸುವುದಕ್ಕೆ ಅವಕಾಶವಿದೆ.

ಕ್ಯಾಸ್ಪಾ ಪ್ರತಿವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ತೆರೆಯುತ್ತದೆ. ಹಲವು ಸಂಸ್ಥೆಗಳು ಬಂದ ಅರ್ಜಿಗಳನ್ನು ಬಂದಂತೆಯೇ ಓದಿ ಸಂದರ್ಶನಕ್ಕೆ ಕರೆಯುತ್ತಾ ಹೋಗುವುದರಿಂದ, ಆಗಸ್ಟ್ ಕೊನೆಯ ಹೊತ್ತಿಗೆ ಕೆಲವೆಡೆ ಸ್ಥಾನಗಳು ಬಹಳಷ್ಟು ತುಂಬಿರುತ್ತವೆ. ಜೊತೆಗೆ ಕೊನೆಯ ದಿನಾಂಕ ಎಂಬುದಕ್ಕೆ ಎಲ್ಲ ಕಡೆ ಒಂದೇ ಅರ್ಥವಿಲ್ಲ: ಕೆಲವರಿಗೆ ಅಂದು ಅರ್ಜಿ ಸಲ್ಲಿಕೆಯಾದರೆ ಸಾಕು, ಕೆಲವರಿಗೆ ಅಂಕಪಟ್ಟಿ ಮತ್ತು ಶಿಫಾರಸು ಪತ್ರಗಳು ತಲುಪಿರಬೇಕು, ಇನ್ನು ಕೆಲವರಿಗೆ ಕ್ಯಾಸ್ಪಾದ ಪರಿಶೀಲನೆಯೇ ಮುಗಿದಿರಬೇಕು. ಪರಿಶೀಲನೆಗೆ ವಾರಗಳು ಹಿಡಿಯಬಹುದು. ಈ ಬಾರಿ ಜೂನ್‌ನಲ್ಲಿಯೇ ಸಲ್ಲಿಸಿ.

ಎರಡನೆಯದು ಗಂಟೆಗಳು. ರೋಗಿಯ ಆರೈಕೆಯ ಹೊಣೆ ನೇರವಾಗಿ ನಿಮ್ಮ ಮೇಲಿದ್ದ ಕೆಲಸವನ್ನು ಕ್ಯಾಸ್ಪಾ ಒಂದು ವರ್ಗದಲ್ಲಿ, ಆಸ್ಪತ್ರೆಯಲ್ಲಿದ್ದರೂ ಅಂತಹ ಹೊಣೆಯಿಲ್ಲದ ಕೆಲಸವನ್ನು ಇನ್ನೊಂದು ವರ್ಗದಲ್ಲಿ ಇಡುತ್ತದೆ. ಸ್ಕ್ರೈಬ್ ಕೆಲಸವನ್ನು ಅನೇಕ ಸಂಸ್ಥೆಗಳು ಎರಡನೆಯ ವರ್ಗಕ್ಕೆ ಸೇರಿಸುತ್ತವೆ. ವೈದ್ಯರು ಹೇಗೆ ಯೋಚಿಸುತ್ತಾರೆ ಎಂಬುದನ್ನು ನೀವು ನೂರಾರು ಸಲ ಪಕ್ಕದಲ್ಲಿ ಕುಳಿತು ಕೇಳಿದ್ದೀರಿ, ಅದು ದೊಡ್ಡ ಸಂಪತ್ತು. ಆದರೆ ಅರ್ಜಿ ಓದುವವರು ಕೇಳುವ ಪ್ರಶ್ನೆ ಬೇರೆ: ಈ ಅಭ್ಯರ್ಥಿಯ ಕೈ ರೋಗಿಯ ಮೇಲೆ ಬಿದ್ದಿದೆಯೇ? ಮೆಡಿಕಲ್ ಅಸಿಸ್ಟೆಂಟ್, ಇಎಂಟಿ ಅಥವಾ ರಕ್ತ ಸಂಗ್ರಹಿಸುವ ಫ್ಲೆಬಾಟಮಿ ಕೆಲಸವನ್ನು ಈಗಲೇ ಹಿಡಿಯಿರಿ. ಕೆಲವು ನೂರು ಗಂಟೆಗಳಾದರೂ ನಿಮ್ಮ ಅರ್ಜಿಯ ಬಣ್ಣ ಬದಲಾಗುತ್ತದೆ.

ಮೂರನೆಯದಾದ ಪ್ರಬಂಧದ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಒಳ್ಳೆಯ ಅಭ್ಯರ್ಥಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಪದಗಳ ನಡುವಿನ ಖಾಲಿ ಜಾಗವೂ ಸೇರಿ 5,000 ಅಕ್ಷರಗಳ ಮಿತಿಯಲ್ಲಿ, ನೀವು ಪಿಎ ಆಗಬೇಕೆಂಬುದು ಏಕೆ ಎಂದು ಬರೆಯಬೇಕು. ಅಜ್ಜಿಯ ಕಾಯಿಲೆ ನಿಮ್ಮನ್ನು ವೈದ್ಯಕೀಯದ ಕಡೆಗೆ ಸೆಳೆದಿರಬಹುದು, ಅದು ನಿಜವಾದ ಭಾವನೆ. ಆದರೆ ಅದೇ ಪ್ರಸಂಗದಿಂದ ಒಬ್ಬರು ನರ್ಸ್ ಆಗಬಹುದು, ವೈದ್ಯರಾಗಬಹುದು, ಔಷಧ ಸಂಶೋಧಕರಾಗಬಹುದು. ಪಿಎ ಏಕೆ ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. ನೀವು ಕೆಲಸ ಮಾಡಿದ ವಿಭಾಗದಲ್ಲಿ ಪಿಎಗಳಿದ್ದರೆ ಅವರಲ್ಲಿ ಒಬ್ಬರನ್ನು ನೆನಪಿಗೆ ತಂದುಕೊಳ್ಳಿ. ಎದೆನೋವೆಂದು ಬಂದ ರೋಗಿಗೆ ಅವರು ಯಾವ ಪ್ರಶ್ನೆ ಕೇಳಿದರು? ಎಲ್ಲಿ ತಾವೇ ತೀರ್ಮಾನಿಸಿದರು, ಎಲ್ಲಿ ವೈದ್ಯರನ್ನು ಕರೆದರು? ಅದನ್ನು ನೋಡಿ ನಿಮಗೆ ಏನನ್ನಿಸಿತು? ಅಂತಹ ಒಂದು ಪ್ರಸಂಗವನ್ನು ರೋಗಿಯ ಗುರುತು ಬಿಟ್ಟುಕೊಡದೆ ನೇರವಾಗಿ ವಿವರಿಸಿದರೆ, ವೃತ್ತಿಯನ್ನು ನೀವು ಕಣ್ಣಾರೆ ಕಂಡಿದ್ದೀರಿ ಎಂಬುದು ಓದುವವರಿಗೆ ತಾನಾಗಿಯೇ ತಿಳಿಯುತ್ತದೆ. ‘ಜನಸೇವೆಯ ಹಂಬಲ’, ‘ಅಪಾರ ಕರುಣೆ’ ಮುಂತಾದ ಮಾತುಗಳನ್ನು ಹೊಡೆದುಹಾಕಿ. ಮುಂದೆ ಹೊಸ ಕೆಲಸದಲ್ಲಿ ಪ್ರತಿ ಪಾಳಿಯ ನಂತರ ಮನಸ್ಸಿನಲ್ಲಿ ಉಳಿದದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಪ್ರಬಂಧಕ್ಕೂ ಸಂದರ್ಶನಕ್ಕೂ ಬೇಕಾದ ಸಾಮಗ್ರಿ ಅದರಿಂದಲೇ ಬರುತ್ತದೆ.

ಶಿಫಾರಸು ಪತ್ರಗಳಲ್ಲಿ ಒಂದನ್ನು ನಿಮ್ಮ ಕೆಲಸ ನೋಡಿದ ಪಿಎಯಿಂದಲೇ ಬರೆಸಿ. ನಿಮ್ಮನ್ನು ಸರಿಯಾಗಿ ತಿಳಿಯದ ಹಿರಿಯ ವೈದ್ಯರ ಎರಡು ಸಾಲಿಗಿಂತ, ಜೊತೆಯಲ್ಲಿ ದುಡಿದ ಮೇಲ್ವಿಚಾರಕರ ಒಂದು ಪುಟಕ್ಕೆ ಬೆಲೆ ಹೆಚ್ಚು.

ಪ್ರಶ್ನೆ: ಜಿಆರ್‌ಇ ಬರೆಯಲೇಬೇಕೇ? ಕ್ಯಾಸ್ಪರ್ ಎಂದರೇನು?

ಉತ್ತರ: ಸ್ನಾತಕೋತ್ತರ ಪ್ರವೇಶದ ಸಾಮಾನ್ಯ ಪರೀಕ್ಷೆಯಾದ ಜಿಆರ್‌ಇಯನ್ನು ಎಲ್ಲರೂ ಕೇಳುವುದಿಲ್ಲ; ನಿಮ್ಮ ಪಟ್ಟಿಯಲ್ಲಿ ಒಂದೆರಡು ಸಂಸ್ಥೆಗಳಷ್ಟೇ ಕೇಳಿದರೆ ಆ ಸಮಯವನ್ನು ರೋಗಿಗಳ ಜೊತೆ ಕಳೆಯಿರಿ ಎನ್ನುತ್ತೇನೆ. ಕೆಲವು ಸಂಸ್ಥೆಗಳು ಪಿಎ-ಕ್ಯಾಟ್ ಎಂಬ ವಿಜ್ಞಾನ ಪರೀಕ್ಷೆಯನ್ನು ಕೇಳುತ್ತವೆ. ಹೆಸರು ಹತ್ತಿರವಿದ್ದರೂ ಕ್ಯಾಸ್ಪಾಕ್ಕೂ ಕ್ಯಾಸ್ಪರ್‌ಗೂ ಸಂಬಂಧವಿಲ್ಲ. ಕ್ಯಾಸ್ಪರ್ ಎಂಬುದು ಇಕ್ಕಟ್ಟಿನ ಸನ್ನಿವೇಶಗಳನ್ನು ಕೊಟ್ಟು ನೀವು ಏನು ಮಾಡುತ್ತೀರಿ ಎಂದು ಕೇಳುವ ಆನ್‌ಲೈನ್ ಪರೀಕ್ಷೆ.

ಪ್ರಶ್ನೆ: ಮೊದಲ ಸಂದರ್ಶನದ ಕರೆ ಬಂದಿದೆ, ಎಂಎಂಐ (ಹಲವು ಕಿರು ಸಂದರ್ಶನಗಳ) ಮಾದರಿಯಂತೆ. ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ, ಆದರೂ ಭಯ. ಹೇಗೆ ಸಿದ್ಧವಾಗಲಿ?

ಉತ್ತರ: ಬಾಯಿಪಾಠವನ್ನು ಇಂದೇ ನಿಲ್ಲಿಸಿ. ಎಂಎಂಐ ಮಾದರಿಯನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ರೂಪಿಸಿತು. ಒಬ್ಬಿಬ್ಬರ ಅಭಿಪ್ರಾಯದ ಮೇಲೆ ಅಭ್ಯರ್ಥಿಯ ಭವಿಷ್ಯ ನಿಲ್ಲಬಾರದೆಂದು, ಹಲವು ಕೋಣೆಗಳಲ್ಲಿ ಹಲವು ಪರೀಕ್ಷಕರು ಒಂದೊಂದು ಸನ್ನಿವೇಶದ ಮೇಲೆ ಬೇರೆ ಬೇರೆಯಾಗಿ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ ಪ್ರಶ್ನೆಯನ್ನು ಓದಲು ಎರಡು ನಿಮಿಷ, ಮಾತನಾಡಲು ಐದರಿಂದ ಎಂಟು ನಿಮಿಷ ಸಿಗುತ್ತದೆ. ಒಂದು ಕೋಣೆಯಲ್ಲಿ ಎಡವಿದರೂ ಮುಂದಿನದು ಹೊಸ ಆರಂಭ. ಇದು ನಿಮಗೆ ಧೈರ್ಯ ಕೊಡಬೇಕಾದ ವಿಷಯ.

ಉದಾಹರಣೆಗೆ, ಪಾಳಿಯ ಆರಂಭದಲ್ಲಿ ಹಿರಿಯ ಸಹೋದ್ಯೋಗಿಯ ಉಸಿರಿನಲ್ಲಿ ಮದ್ಯದ ವಾಸನೆ ಬರುತ್ತದೆ, ಏನು ಮಾಡುತ್ತೀರಿ ಎಂದು ಕೇಳಬಹುದು. ‘ತಕ್ಷಣ ದೂರು ಕೊಡುತ್ತೇನೆ’ ಎಂದು ಒಂದೇ ಉಸಿರಿಗೆ ಮುಗಿಸಿದರೆ ಉತ್ತರ ತಪ್ಪಲ್ಲ, ತೆಳುವಾಗಿದೆ ಅಷ್ಟೇ. ಅವರು ರೋಗಿಯ ಬಳಿ ಹೋಗದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲು. ಏಕಾಂತದಲ್ಲಿ ಗೌರವದಿಂದ ಮಾತನಾಡಿಸುವುದು, ವಾಸನೆಗೆ ಬೇರೆ ಕಾರಣವೂ ಇರಬಹುದೆಂದು ಒಪ್ಪಿಕೊಳ್ಳುವುದು, ಆದರೂ ಮೇಲ್ವಿಚಾರಕರಿಗೆ ತಿಳಿಸುವುದನ್ನು ಮುಂದೂಡದಿರುವುದು, ಆ ವ್ಯಕ್ತಿಗೆ ನೆರವು ಸಿಗಲೆಂದು ಬಯಸುವುದು, ಇವೆಲ್ಲವನ್ನೂ ನೀವು ಗಟ್ಟಿಯಾಗಿ ಯೋಚಿಸುವುದನ್ನು ಅವರು ಕೇಳಬೇಕು. ಸ್ನೇಹಿತರೊಬ್ಬರನ್ನು ಎದುರು ಕೂರಿಸಿಕೊಂಡು, ಗಡಿಯಾರ ಇಟ್ಟುಕೊಂಡು, ನೋಡದ ಪ್ರಶ್ನೆಗಳಿಗೆ ಮಾತನಾಡಿ ಅಭ್ಯಾಸ ಮಾಡಿ.

ವೈದ್ಯರೇಕಲ್ಲ, ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆ ನೀಡುವ ನರ್ಸ್) ಏಕಲ್ಲ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಓದಿನ ಅವಧಿ ಕಡಿಮೆ, ಜೀವನ ಸುಲಭ ಎಂಬಷ್ಟಕ್ಕೆ ನಿಲ್ಲಬೇಡಿ. ಯಾವ ವೃತ್ತಿಯನ್ನೂ ಕೀಳು ಮಾಡಬೇಡಿ. ಸಾಮಾನ್ಯ ವೈದ್ಯಕೀಯದ ವಿಶಾಲ ತರಬೇತಿ, ಹೊಸ ಪದವಿಯಿಲ್ಲದೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಅವಕಾಶ, ತಂಡದೊಳಗಿನ ಹೊಣೆ, ಇವುಗಳಲ್ಲಿ ಯಾವುದು ನಿಮ್ಮನ್ನು ನಿಜವಾಗಿ ಸೆಳೆದಿದೆಯೋ ಅದನ್ನು ನೀವು ಕಂಡ ಪ್ರಸಂಗದ ಮೂಲಕ ಹೇಳಿ. 2021ರಲ್ಲಿ ಪಿಎಗಳ ರಾಷ್ಟ್ರೀಯ ಸಂಘ ವೃತ್ತಿಯ ಹೆಸರನ್ನು ಫಿಸಿಷಿಯನ್ ಅಸೋಸಿಯೇಟ್ ಎಂದು ಬದಲಿಸಲು ತೀರ್ಮಾನಿಸಿದ್ದು ನಿಮಗೆ ತಿಳಿದಿರಲಿ. ವೃತ್ತಿಯ ಇಂದಿನ ಚರ್ಚೆಗಳ ಬಗ್ಗೆ ಕೇಳುವುದುಂಟು.

ನೀವೂ ಅವರನ್ನು ಪರೀಕ್ಷಿಸಿ. ಮಾನ್ಯತೆ ನೀಡುವ ಸಂಸ್ಥೆಯಾದ ಎಆರ್‌ಸಿ-ಪಿಎ, ಪ್ರತಿಯೊಂದು ಕೋರ್ಸೂ ತನ್ನ ವಿದ್ಯಾರ್ಥಿಗಳ ಪ್ಯಾನ್ಸ್ ಫಲಿತಾಂಶವನ್ನು ಮತ್ತು ಮಧ್ಯದಲ್ಲಿ ಬಿಟ್ಟುಹೋದವರ ಅಂಕಿ ಅಂಶವನ್ನು ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದೆ. ಪ್ಯಾನ್ಸ್ ಎಂದರೆ ಕೋರ್ಸ್ ಮುಗಿದ ಮೇಲೆ ಬರೆಯಬೇಕಾದ 300 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗದೆ ಲೈಸೆನ್ಸ್ ಇಲ್ಲ. ಸಂದರ್ಶನಕ್ಕೆ ಹೋಗುವ ಮುನ್ನ ಈ ಎರಡನ್ನೂ, ಸಂಸ್ಥೆಯ ಮಾನ್ಯತೆ ಪರಿವೀಕ್ಷಣೆಯಲ್ಲಿ (ಪ್ರೊಬೇಷನ್) ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಕ್ಲಿನಿಕಲ್ ತರಬೇತಿಯ ಸ್ಥಳಗಳನ್ನು ಒದಗಿಸುವುದು ಸಂಸ್ಥೆಯ ಹೊಣೆ. ಅವು ಎಷ್ಟು ದೂರದಲ್ಲಿವೆ, ಆ ತಿಂಗಳುಗಳಲ್ಲಿ ವಸತಿಯ ವೆಚ್ಚ ಯಾರದು ಎಂದು ಕೇಳಲು ಸಂಕೋಚ ಬೇಡ. ಪ್ರವೇಶ ಸಿಕ್ಕರೆ ಸ್ಥಾನ ಕಾಯ್ದಿರಿಸಲು ಕಟ್ಟುವ ಮುಂಗಡ ಹಣ ಬಹಳ ಕಡೆ ಹಿಂದಿರುಗುವುದಿಲ್ಲ, ಅದಕ್ಕೆ ಕೊಡುವ ಗಡುವೂ ಚಿಕ್ಕದು. ಹಾಗಾಗಿ ಈ ಉತ್ತರಗಳನ್ನು ಸಂದರ್ಶನದ ದಿನವೇ ಪಡೆದು ಬನ್ನಿ.