ಅಂಗಡಿಯಲ್ಲಿ ಸಂಕೋಚ, ಫೋನಿನಲ್ಲಿ ಧಾರಾಳ

ಆತ್ಮೀಯ ಓದುಗರೇ,

ಅಂಗಡಿಗೆ ಹೋದರೆ ಮಾರುವವರನ್ನು ಮಾತಾಡಿಸಲು ಸಂಕೋಚವಾಗಿ ಬರಿಗೈಲಿ ವಾಪಸಾಗುವ ನೀವು, ರಾತ್ರಿ ಫೋನ್ ಹಿಡಿದರೆ ಬೇಡದ್ದನ್ನೂ ತರಿಸಿಕೊಳ್ಳುತ್ತೀರಿ. ಎಲ್ಲವನ್ನೂ ಮುಟ್ಟಿ ನೋಡಿಯೇ ಕೊಳ್ಳುವ ನಿಮ್ಮ ಅಕ್ಕನ ಹಾಗೆ ಆಗಬೇಕೆಂಬ ಆಸೆ ನಿಮ್ಮದು. "ಫೋನ್ ನನ್ನ ಸ್ವಭಾವವನ್ನೇ ಕೆಡಿಸಿತೇ?" ಎಂದು ಕೇಳಿದ್ದೀರಿ.

ಕೆಡಿಸಿಲ್ಲ ಎಂದೇ ನನಗೆ ಅನಿಸುತ್ತದೆ. ಸಂಕೋಚ, ಆತುರ ಎರಡೂ ನಿಮ್ಮಲ್ಲಿ ಮೊದಲಿಂದಲೂ ಇದ್ದವು. ಅಂಗಡಿಯಲ್ಲಿ ಸಂಕೋಚ ಆತುರದ ಕೈ ಹಿಡಿದು ನಿಲ್ಲಿಸುತ್ತಿತ್ತು. ಫೋನಿನಲ್ಲಿ ಸಂಕೋಚಪಡಲು ಎದುರಿಗೆ ಯಾರೂ ಇಲ್ಲ, ಹಾಗಾಗಿ ಆತುರಕ್ಕೆ ಲಗಾಮಿಲ್ಲ.

ನಿಮ್ಮ ಅಕ್ಕನಂಥವರ ಬಗ್ಗೆ, ಕೊಳ್ಳುವವರ ನಡವಳಿಕೆಯ ಸಂಶೋಧಕರಾದ ಜೋಆನ್ ಪೆಕ್ ಮತ್ತು ಟೆರ್ರಿ ಚೈಲ್ಡರ್ಸ್ 2003ರಲ್ಲೇ ಬರೆದಿದ್ದಾರೆ. ಹೊಲಿಗೆ ಗಟ್ಟಿಯೇ, ಜಿಪ್ ಸಲೀಸಾಗಿ ಸರಿಯುತ್ತದೆಯೇ ಎಂದು ತಿಳಿಯಲು ಮುಟ್ಟುವವರು ಕೆಲವರು. ಮುಟ್ಟುವ ಖುಷಿಗೇ ಮುಟ್ಟುವವರು ಇನ್ನು ಕೆಲವರು. ಮೊದಲ ಗುಂಪಿಗೆ ಫೋನಿನ ಚಿತ್ರ ಸಾಲದು. ಆದರೆ ಮುಟ್ಟಿದ ಮಾತ್ರಕ್ಕೆ ಅಕ್ಕ ಜಾಣೆ ಎಂದುಕೊಳ್ಳಬೇಡಿ. ಕೈಗೆತ್ತಿಕೊಂಡ ವಸ್ತು ಆಗಲೇ ನಮ್ಮದಾದಂತೆ ಅನಿಸತೊಡಗುತ್ತದೆ ಎಂದು 2009ರಲ್ಲಿ ಪೆಕ್ ಅವರೇ ಇನ್ನೊಬ್ಬ ಸಂಶೋಧಕಿಯ ಜೊತೆ ತೋರಿಸಿದರು. ಬೆರಳಿಂದ ಮುಟ್ಟುವ ಪರದೆಯಲ್ಲೂ, ಮೌಸ್ ಹಿಡಿದು ನೋಡುವುದಕ್ಕಿಂತ ಹೆಚ್ಚಾಗಿ, ಈ 'ನನ್ನದು' ಎಂಬ ಭಾವ ಮೂಡುತ್ತದೆಂದು 2014ರ ಅಧ್ಯಯನವೊಂದು ಹೇಳಿತು.

ನಿಮ್ಮ ರಾತ್ರಿಯ ಪರದೆಯನ್ನೇ ಒಮ್ಮೆ ನೋಡಿ. ವಿಳಾಸ ತುಂಬಿದೆ, ಕಾರ್ಡಿನ ನಂಬರ್ ಅಲ್ಲೇ ಇದೆ, 'ಎರಡೇ ಉಳಿದಿವೆ' ಎಂದು ಕೆಂಪಕ್ಷರ ಅವಸರಪಡಿಸುತ್ತದೆ. ಅಂಗಡಿಯಲ್ಲಾದರೆ ವಸ್ತು ಎತ್ತಿಕೊಂಡು, ನಡೆದು, ಸಾಲಿನಲ್ಲಿ ನಿಂತು, ಪರ್ಸ್ ತೆಗೆಯಬೇಕು. ಮನಸ್ಸು ಬದಲಿಸಲು ಹೆಜ್ಜೆ ಹೆಜ್ಜೆಗೂ ಅವಕಾಶ. ಅಮೆಜಾನ್‌ಗೆ 1999ರಲ್ಲಿ ಪೇಟೆಂಟ್ ಸಿಕ್ಕಿದ್ದು ಈ ಹೆಜ್ಜೆಗಳನ್ನೆಲ್ಲ ಒಂದೇ ಕ್ಲಿಕ್ಕಿಗೆ ಇಳಿಸಿದ ವಿಧಾನಕ್ಕೆ. ಹಾಗಿರುವಾಗ ಎಲ್ಲ ತಪ್ಪನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳುವುದು ನ್ಯಾಯವಲ್ಲ.

ನನಗೆ ನಿಜಕ್ಕೂ ಸಿಟ್ಟು ತರಿಸುವ ಸಂಗತಿ ಬೇರೆಯದು. ಫೇಸ್‌ಬುಕ್‌ನಲ್ಲಿ ಜನ ಒತ್ತಿದ ಲೈಕ್‌ಗಳಿಂದ ಅವರ ಸ್ವಭಾವ ಊಹಿಸಿ, ಅದಕ್ಕೆ ಹೊಂದುವ ಜಾಹೀರಾತು ತೋರಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅದು ತಲುಪಿದ್ದು ಸುಮಾರು 35 ಲಕ್ಷ ಜನರನ್ನು. ಹೊಂದದ ಜಾಹೀರಾತಿಗಿಂತ ಹೊಂದಿದ್ದಕ್ಕೆ ಖರೀದಿ ಶೇ. 50ರವರೆಗೂ ಹೆಚ್ಚಿತ್ತು. ಬೆರೆಯುವ ಸ್ವಭಾವದವರಿಗೊಂದು ಬಲೆ, ಒಂಟಿಯಾಗಿರಲು ಇಷ್ಟಪಡುವವರಿಗೆ ಇನ್ನೊಂದು. ಸ್ವಭಾವ ನಮ್ಮ ಖಾಸಗಿ ಸೊತ್ತು. ಕೇಳದೆ ಅದನ್ನು ಓದುವ ಹಕ್ಕು ಯಾವ ಮಾರಾಟಗಾರನಿಗೂ ಇಲ್ಲ.

ಆದ್ದರಿಂದ ಅಕ್ಕನಂತಾಗಲು ಹೋಗಬೇಡಿ. ಫೋನಿನಿಂದ ಕಾರ್ಡಿನ ವಿವರ ಅಳಿಸಿಹಾಕಿ, ಪ್ರತಿ ಸಲವೂ ಕೈಯಾರೆ ತುಂಬುವಂತಾಗಲಿ. ರಾತ್ರಿ ಇಷ್ಟಪಟ್ಟಿದ್ದನ್ನು ಬೆಳಿಗ್ಗೆವರೆಗೆ ಕಾರ್ಟ್‌ನಲ್ಲೇ ಬಿಡಿ. ಅಂಗಡಿಗೆ ಹೋಗಲೇಬೇಕಾದಾಗ ಮಾತ್ರ ಫೋನನ್ನು ಧಾರಾಳವಾಗಿ ಬಳಸಿ: ಯಾವ ಮಾದರಿ, ಯಾವ ಅಳತೆ ಎಂದು ಮನೆಯಲ್ಲೇ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ, ಜನ ಕಡಿಮೆಯಿರುವ ಹೊತ್ತಿಗೆ ಹೋಗಿ. ಚೀಟಿ ತೋರಿಸಿದರೆ ಸಾಕು, ಉಳಿದ ಮಾತು ಅವರೇ ಆಡುತ್ತಾರೆ.

– ಸಂಪಾದಕ