ಡೆಡ್‌ಲೈನ್‌ಗೆ ಎರಡೇ ವಾರ: ರೊಬೊಟಿಕ್ಸ್ ಪೇಪರ್ ಇಕ್ರಾಗೆ ಕಳಿಸಲೋ, ಸುಲಭಕ್ಕೆ ಅಕ್ಸೆಪ್ಟ್ ಆಗುವ ಕಡೆ ಕಳಿಸಲೋ?

ಧಾರವಾಡದಲ್ಲಿ ಎಂ.ಟೆಕ್., ನಾಲ್ಕು ಚಕ್ರದ ರೋಬೊಗೆ ಸ್ಲೈಡಿಂಗ್ ಮೋಡ್ ಕಂಟ್ರೋಲರ್, ಗೆಝೀಬೊ ಸಿಮ್ಯುಲೇಶನ್ ಮುಗಿದಿದೆ, ಕೈಯಲ್ಲಿ ಎರಡು ವಾರ. ಇಕ್ರಾ ಅನ್ನುವ ದೊಡ್ಡ ರೊಬೊಟಿಕ್ಸ್ ಸಮ್ಮೇಳನಕ್ಕೋ, ಸುಲಭದ ಕಡೆಗೋ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಇದನ್ನೆಲ್ಲ ಓದಿ ಯಾರೋ ನನ್ನ ಹಳೇ ನೋಟ್‌ಬುಕ್ ತೆಗೆದು ಓದಿದಂಗಾತು. ಆದರೆ ನೀವು ಕೇಳಬೇಕಾದ್ದು ಯಾವ ಕಾನ್ಫರೆನ್ಸ್ ಅಂತಲ್ಲ ನೋಡ್ರಿ. ನನ್ನ ಪಿಡಿಎಫ್ ಇವತ್ತು ರಾತ್ರಿಯೇ ಅಪ್‌ಲೋಡ್ ಆಗ್ತದೋ ಇಲ್ಲೋ, ಅದನ್ನು ಕೇಳಿರಿ.

ನಗಬೇಡಿ. ನನ್ನ ಪೇಪರ್ ಬಿದ್ದದ್ದು ರಿವ್ಯೂವರ್ ಕೈಯಲ್ಲಲ್ಲ, ಒಂದು ಫಾಂಟಿನ ಕೈಯಲ್ಲಿ.

ಇಕ್ರಾ, ಐರೋಸ್, ಸಿಡಿಸಿ, ನಮ್ಮ ಇಂಡಿಯನ್ ಕಂಟ್ರೋಲ್ ಕಾನ್ಫರೆನ್ಸ್, ಹೀಗೆ ಈ ಕ್ಷೇತ್ರದ ಬಹುತೇಕ ಸಮ್ಮೇಳನಗಳ ಸಬ್ಮಿಶನ್ ನಡೆಯುವುದು ಪೇಪರ್‌ಪ್ಲಾಜಾ ಅನ್ನುವ ವೆಬ್‌ಸೈಟಿನಲ್ಲಿ. ಅಲ್ಲಿ ಮನುಷ್ಯರು ಓದುವ ಮುಂಚೆ ಯಂತ್ರ ಓದುತ್ತದೆ: ಪುಟದ ಅಳತೆ, ಮಾರ್ಜಿನ್, ಪುಟಗಳ ಸಂಖ್ಯೆ, ಫಾಂಟು. ಇದು ನನಗೂ ಗೊತ್ತಿತ್ತು. ಅದಕ್ಕೇ ಹಿಂದಿನ ರಾತ್ರಿ ಪಿಡಿಎಫ್‌ಫಾಂಟ್ಸ್ ಕಮಾಂಡ್ ಓಡಿಸಿದ್ದೆ. ಪಾಪ್ಲರ್ ಯುಟಿಲ್ಸ್ ಹಾಕಿಕೊಂಡರೆ ಅದು ಬರುತ್ತದೆ, ಫೈಲಿನಲ್ಲಿರುವ ಒಂದೊಂದು ಫಾಂಟಿಗೂ ಒಂದೊಂದು ಸಾಲು ತೋರಿಸುತ್ತದೆ. ‘ಎಂಬ್’ ಅನ್ನುವ ಕಾಲಂ ಇದೆಯಲ್ಲ, ಫಾಂಟ್ ಫೈಲಿನೊಳಗೇ ಸೇರಿದೆಯೋ ಇಲ್ಲವೋ ಹೇಳುವುದು, ಅದರಲ್ಲಿ ಮೇಲಿಂದ ಕೆಳಗಿನವರೆಗೆ ‘ಯೆಸ್’. ನೆಮ್ಮದಿಯಿಂದ ಮಲಗಿದೆ.

ನೋಡಬೇಕಾಗಿದ್ದು ಅದೇ ಸಾಲಿನ ‘ಟೈಪ್’ ಕಾಲಂ. ಡೆಜಾವು ಸಾನ್ಸ್ ಅನ್ನುವ ಫಾಂಟಿನ ಎದುರಿಗೆ ‘ಟೈಪ್ 3’ ಅಂತ ಕೂತಿತ್ತು. ಟೈಪ್ 3 ಫಾಂಟಿನಲ್ಲಿ ಒಂದೊಂದು ಅಕ್ಷರವೂ ಫೈಲಿನೊಳಗೇ ಬರೆದಿಟ್ಟ ಒಂದು ಪುಟ್ಟ ಚಿತ್ರ. ಹಾಗಾಗಿ ಅದು ಯಾವತ್ತೂ ಎಂಬೆಡ್ ಆಗಿಯೇ ಇರುತ್ತದೆ, ‘ಎಂಬ್’ ಕಾಲಂ ಅದನ್ನು ಎಂದೂ ಹಿಡಿದುಕೊಡುವುದಿಲ್ಲ. ಪೈಥಾನಿನಲ್ಲಿ ಗ್ರಾಫ್ ತೆಗೆಯುವ ಮ್ಯಾಟ್‌ಪ್ಲಾಟ್‌ಲಿಬ್ ಅದನ್ನು ಪಿಡಿಎಫ್ ಆಗಿ ಉಳಿಸುವಾಗ ಡಿಫಾಲ್ಟಾಗಿ ಹಾಕುವುದು ಇದನ್ನೇ. ಪೇಪರಿನ ಉಳಿದ ಅಕ್ಷರವೆಲ್ಲ ಟೈಮ್ಸ್, ಟೈಪ್ 1, ಚೊಕ್ಕ. ಏಳು ಗ್ರಾಫುಗಳ ಅಕ್ಷದ ಮೇಲಿನ ಅಂಕಿಗಳಷ್ಟೇ ಕೆಟ್ಟವು.

ಬೆಳಿಗ್ಗೆ ಎಂಟೂವರೆಗೆ ಸಪ್ತಾಪುರದ ರೂಮಿನಲ್ಲಿ ಅಪ್‌ಲೋಡ್ ಒತ್ತಿದೆ, ಟೈಪ್ 3 ನಡೆಯದು ಅಂತ ಫೈಲ್ ವಾಪಸ್ ಬಂತು. ಗಾಬರಿಯಲ್ಲಿ ಪಿಡಿಎಫ್ ಮತ್ತೆ ಬರೆದುಕೊಡುವ ಘೋಸ್ಟ್‌ಸ್ಕ್ರಿಪ್ಟ್ ಹಿಡಿದೆ. ‘ಪ್ರೀಪ್ರೆಸ್’ ಸೆಟ್ಟಿಂಗ್ ಕೊಟ್ಟರೆ ಫಾಂಟೆಲ್ಲ ಸರಿಹೋಗುತ್ತದೆ ಅಂತ ಯಾರೋ ಬರೆದಿದ್ದರು. ಅದು ಬಿಟ್ಟುಹೋದ ಫಾಂಟನ್ನು ಒಳಗೆ ತುಂಬಬಲ್ಲದು, ಟೈಪ್ 3 ಅನ್ನು ಟ್ರೂಟೈಪ್ ಮಾಡಲಾರದು. ಇದು ಅರಿವಾಗುವಷ್ಟರಲ್ಲಿ ಒಂದು ತಾಸು ಹೋಗಿತ್ತು. ಗ್ರಾಫ್ ಮತ್ತೆ ತೆಗೆಯೋಣವೆಂದರೆ ಲಾಗ್ ಫೈಲುಗಳಿದ್ದದ್ದು ಹುಬ್ಬಳ್ಳಿಯ ಲ್ಯಾಬಿನ ಡೆಸ್ಕ್‌ಟಾಪಿನಲ್ಲಿ. ಚಿಗರಿ ಬಸ್ಸು ಹಿಡಿದು, ಲ್ಯಾಬಿನ ಕೀಲಿ ಹುಡುಕಿ, ಏಳರಲ್ಲಿ ಐದು ಗ್ರಾಫ್ ತೆಗೆಯುವಷ್ಟರಲ್ಲಿ ಮಧ್ಯಾಹ್ನ 12:29ರ ಡೆಡ್‌ಲೈನ್ ದಾಟಿತು. ‘ಯಾಕೋ ತಮ್ಮಾ, ಹೋತೇನು?’ ಅಂದರು ಗೈಡ್. ಹೋಗಿತ್ತು. ಮುಂದಿನ ಅವಕಾಶಕ್ಕೆ ಆರು ತಿಂಗಳು.

ಇದಕ್ಕೆ ಎರಡು ಮದ್ದು. ಪ್ಲಾಟ್ ಸ್ಕ್ರಿಪ್ಟಿನ ತಲೆಯಲ್ಲಿ ಪಿಡಿಎಫ್ ಫಾಂಟ್‌ಟೈಪ್ 42 ಅಂತ ಒಂದು ಸಾಲು, ಇಪಿಎಸ್ ಉಳಿಸುವವರಾದರೆ ಪಿಎಸ್ ಫಾಂಟ್‌ಟೈಪಿಗೂ ಅದೇ 42. ಅಂದರೆ ಟ್ರೂಟೈಪ್. ಎರಡನೆಯದು ನನಗೆ ಅವತ್ತು ಹೊಳೆಯದೇ ಹೋದದ್ದು: ಡೇಟಾ ಕೈಯಲ್ಲಿ ಇಲ್ಲದಿದ್ದರೆ ಆ ಗ್ರಾಫ್ ಪಿಡಿಎಫ್‌ಗಳನ್ನೇ 600 ಡಿಪಿಐ ಪಿಎನ್‌ಜಿ ಮಾಡಿ ಪೇಪರಿಗೆ ಸೇರಿಸಬೇಕು. ಚಿತ್ರವಾದ ಮೇಲೆ ಅದರಲ್ಲಿ ಫಾಂಟೇ ಇರುವುದಿಲ್ಲ. ರೂಮಿನಲ್ಲೇ ಕೂತು ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಬಸ್ಸು ಹತ್ತುವ ಕೆಲಸವೇ ಇರಲಿಲ್ಲ.

ಮ್ಯಾಟ್‌ಲ್ಯಾಬ್ ಬಳಸುವವರಿಗೆ ರೋಗ ಬೇರೆ. ಅಲ್ಲಿನ ಹಳೇ ಇಪಿಎಸ್ ಚಿತ್ರಗಳಲ್ಲಿ ಹೆಲ್ವೆಟಿಕಾ ಎಂಬೆಡ್ ಆಗಿರುವುದಿಲ್ಲ, ಅದು ಮಾತ್ರ ‘ಎಂಬ್’ ಕಾಲಂನಲ್ಲಿ ‘ನೋ’ ಅಂತ ಸಿಕ್ಕಿಬೀಳುತ್ತದೆ. 2020ಎ ಆವೃತ್ತಿಯಿಂದ ಎಕ್ಸ್‌ಪೋರ್ಟ್‌ಗ್ರಾಫಿಕ್ಸ್ ಇದೆ, ವೆಕ್ಟರ್ ಅಂತ ಹೇಳಿ ಪಿಡಿಎಫ್ ತೆಗೆಯಿರಿ. ಆಮೇಲೂ ಪಿಡಿಎಫ್‌ಫಾಂಟ್ಸ್ ಓಡಿಸಿ ನೋಡಿರಿ.

ಪುಟದ ಅಳತೆಯನ್ನೂ ಇವತ್ತೇ ನೋಡಿ. ನಮ್ಮಲ್ಲಿ ಎಲ್ಲವೂ ಎ4, ಅಲ್ಲಿ ಕೇಳುವುದು ಸಾಮಾನ್ಯವಾಗಿ ಯುಎಸ್ ಲೆಟರ್. ಲೆಟರ್ ಹಾಳೆ ಎ4ಗಿಂತ ಸುಮಾರು 18 ಮಿ.ಮೀ. ಗಿಡ್ಡ, 6 ಮಿ.ಮೀ. ಅಗಲ. ಎ4ನಲ್ಲಿ ಆರು ಪುಟಕ್ಕೆ ಸರಿಯಾಗಿ ಕೂರಿಸಿದ್ದು ಲೆಟರ್‌ಗೆ ಬದಲಿಸಿದ ಕೂಡಲೇ ಏಳನೇ ಪುಟಕ್ಕೆ ಇಣುಕುತ್ತದೆ. ಆಗ ಲೇಟೆಕ್‌ನಲ್ಲಿ ವಿ-ಸ್ಪೇಸ್ ಮೈನಸ್ ಹಾಕಿ ಸಾಲುಗಳ ನಡುವಿನ ಜಾಗ ಹಿಂಡುವುದು, ಟೆಂಪ್ಲೇಟಿನ ಮಾರ್ಜಿನ್ ಮುಟ್ಟುವುದು ಬೇಡವೇ ಬೇಡ. ಯಂತ್ರ ಹಿಡಿಯದಿದ್ದರೆ ರಿವ್ಯೂವರ್ ಹಿಡಿಯುತ್ತಾರೆ. ಪೀಠಿಕೆಯಲ್ಲಿ ರೊಬೊಟಿಕ್ಸ್ ಎಷ್ಟು ಮುಖ್ಯ ಎಂದು ಬರೆದಿರುತ್ತೀರಲ್ಲ, ಆ ಪ್ಯಾರಾ ತೆಗೆದುಹಾಕಿ. ಅದನ್ನು ಓದುವವರಿಗೆ ಅದು ಗೊತ್ತಿದ್ದದ್ದೇ.

ಗಡಿಯಾರದ ಮಾತು. ಇಕ್ರಾ ಡೆಡ್‌ಲೈನ್ ಸಾಮಾನ್ಯವಾಗಿ ಸೆಪ್ಟೆಂಬರ್ ನಡುವೆ, ಅಮೆರಿಕದ ಪೆಸಿಫಿಕ್ ಸಮಯ ರಾತ್ರಿ 11:59. ಆಗ ಅಲ್ಲಿ ಗಡಿಯಾರ ಒಂದು ತಾಸು ಮುಂದಿಡುವ ಬೇಸಿಗೆ ಸಮಯ ನಡೆಯುತ್ತಿರುವುದರಿಂದ ನಮಗದು ಮರುದಿನ ಮಧ್ಯಾಹ್ನ 12:29. ಐರೋಸ್ ಮಾರ್ಚ್ ಆರಂಭಕ್ಕೆ ಬರುತ್ತದೆ, ಆಗ ಅಲ್ಲಿ ಬೇಸಿಗೆ ಸಮಯ ಶುರುವಾಗಿರುವುದಿಲ್ಲ, ಪೆಸಿಫಿಕ್ ಸಮಯವೇ ಆದರೆ ನಮಗೆ 1:29. ಅರ್ಧ ದಿನ ಪುಕ್ಕಟೆ ಸಿಕ್ಕಿತೆಂದು ನಾವು ಹಿಗ್ಗುತ್ತೇವೆ. ಆ ಅರ್ಧ ದಿನವೇ ನನ್ನನ್ನು ಮುಳುಗಿಸಿದ್ದು. ಡೆಡ್‌ಲೈನ್ ಮುಗಿಯುವವರೆಗೆ ಫೈಲ್ ಬದಲಿಸಲು ಬರುತ್ತದೆ, ಅದಕ್ಕೇ ಹೇಳಿದ್ದು, ಅರ್ಧಂಬರ್ಧ ಪೇಪರನ್ನೇ ಇವತ್ತು ಹಾಕಿ ಇಡಿ. ಕನಿಷ್ಠ ಅಲ್ಲೇ ಇರುವ ಪಿಡಿಎಫ್ ಟೆಸ್ಟ್ ಪುಟಕ್ಕಾದರೂ ಒಮ್ಮೆ ಕೊಡಿ.

ಈಗ ನಿಮ್ಮ ಪ್ರಶ್ನೆಗೆ, ಚುಟುಕಾಗಿ. ಬರೀ ಗೆಝೀಬೊ ಇಟ್ಟುಕೊಂಡು ಇಕ್ರಾಗೆ ಹೋದರೆ ‘ನಿಜವಾದ ರೋಬೊ ಮೇಲೆ ಏನಾಯಿತು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕಪ್ಪು ಮಣ್ಣಿನ ಹೊಲದಲ್ಲಿ ಚಕ್ರ ಜಾರುವುದಕ್ಕೂ ಸಿಮ್ಯುಲೇಟರಿನ ಘರ್ಷಣೆಗೂ ಬಾದರಾಯಣ ಸಂಬಂಧ. ನಿಮ್ಮ ಹೊಸತನ ಕಂಟ್ರೋಲರ್ ಸ್ಥಿರವೆಂದು ತೋರಿಸುವ ಲ್ಯಾಪುನೋವ್ ಪ್ರೂಫಿನಲ್ಲಿದ್ದರೆ ಅದು ಕಂಟ್ರೋಲ್ ಕಡೆಯ ಪೇಪರ್. 2015ರಲ್ಲಿ ಐಐಟಿ ಮದ್ರಾಸ್‌ನಲ್ಲಿ ಶುರುವಾದ ಇಂಡಿಯನ್ ಕಂಟ್ರೋಲ್ ಕಾನ್ಫರೆನ್ಸ್ ಅದಕ್ಕೆ ಸರಿಯಾದ ಜಾಗ, ಬರೀ ಸಿಮ್ಯುಲೇಶನ್ ಇದ್ದರೂ ಅಲ್ಲಿ ನಡೆಯುತ್ತದೆ. ರೋಬೊ ಕಟ್ಟಿ ಓಡಿಸುವುದಾದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅಡ್ವಾನ್ಸಸ್ ಇನ್ ರೊಬೊಟಿಕ್ಸ್ ಸಮ್ಮೇಳನ ಇದೆ, ಇಲ್ಲವೇ ವರ್ಷವಿಡೀ ತೆರೆದಿರುವ ಆರ್‌ಎ-ಎಲ್ ಜರ್ನಲ್. ಎಲ್ಲಿಗೇ ಕಳಿಸಿ, ಟ್ರ್ಯಾಕಿಂಗ್ ಎರರ್ ಗ್ರಾಫಿನ ಕೆಳಗೆ ಕಂಟ್ರೋಲ್ ಇನ್‌ಪುಟ್ ಗ್ರಾಫ್ ಇರಲೇಬೇಕು. ಸ್ಲೈಡಿಂಗ್ ಮೋಡ್ ಅಂದ ಕೂಡಲೇ ರಿವ್ಯೂವರ್ ಹುಡುಕುವುದು ಚ್ಯಾಟರಿಂಗ್, ಅಂದರೆ ಕಂಟ್ರೋಲ್ ಇನ್‌ಪುಟ್ ಪಟಪಟನೆ ಅತ್ತಿಂದಿತ್ತ ಹಾರುವುದು. ಮುಚ್ಚಿಟ್ಟರೆ ಅನುಮಾನ ಹೆಚ್ಚುತ್ತದೆ. ಹೋಲಿಕೆಗೆ ಇಟ್ಟ ಪಿಐಡಿ ಕಂಟ್ರೋಲರನ್ನು ಬೇಕಂತಲೇ ಕೆಟ್ಟದಾಗಿ ಟ್ಯೂನ್ ಮಾಡಿ ಅದರೆದುರು ಗೆದ್ದೆ ಅನ್ನುವುದೂ ನಡೆಯದು, ಗೇನ್‌ಗಳನ್ನು ಟೇಬಲ್‌ನಲ್ಲಿ ಕೊಡಿ.

ಮೂರು ದಿನದಲ್ಲಿ ಅಕ್ಸೆಪ್ಟ್, ಸ್ಕೋಪಸ್ ಗ್ಯಾರಂಟಿ ಅಂತ ಮೇಲ್ ಕಳಿಸುವ ‘ಸುಲಭ’ದವರನ್ನು ಮರೆತುಬಿಡಿ. ಸ್ಕೋಪಸ್ ಅಂದರೆ ಸಂಶೋಧನಾ ಪೇಪರುಗಳ ಸೂಚಿ; ಇಂಡೆಕ್ಸ್ ಮಾಡುವುದು ಅದು, ಕಾನ್ಫರೆನ್ಸ್ ನಡೆಸುವವರು ಅದಕ್ಕೆ ಮುಂಗಡ ಗ್ಯಾರಂಟಿ ಕೊಡಲಾರರು. ಕಳೆದ ಎರಡು ವರ್ಷದ ಪೇಪರುಗಳು ಐಇಇಇ ಎಕ್ಸ್‌ಪ್ಲೋರ್‌ನಲ್ಲೋ ಎಸಿಎಂ ಲೈಬ್ರರಿಯಲ್ಲೋ ಸಿಗದಿದ್ದರೆ ಫೀಸು ಕಟ್ಟಬೇಡಿ.

ಇನ್ನು, ಕಾಲ್ ಫಾರ್ ಪೇಪರ್ಸ್ ಪ್ರಕಟಣೆಯಲ್ಲಿ ಡಬಲ್ ಅನಾನಿಮಸ್ (ಲೇಖಕರಿಗೂ ರಿವ್ಯೂವರಿಗೂ ಒಬ್ಬರಿಗೊಬ್ಬರ ಹೆಸರು ಗೊತ್ತಾಗದ ಪದ್ಧತಿ) ಅಂತ ಇದ್ದರೆ ಹೆಸರಷ್ಟೇ ಅಲ್ಲ, ಗಿಟ್‌ಹಬ್ ಕೊಂಡಿ ಮತ್ತು ಪಿಡಿಎಫ್ ಪ್ರಾಪರ್ಟೀಸ್‌ನ ಆಥರ್ ಕಾಲಂ ಕೂಡ ಅಳಿಸಬೇಕು. ವಿಡಿಯೊದಲ್ಲಿ ರೋಬೊ ಹಿಂದಿನ ಗೋಡೆ ಮೇಲೆ ಕಾಲೇಜಿನ ಬೋರ್ಡು ಕಂಡೀತು, ಹುಷಾರು. ಹಾಗೇ ಪೇಪರ್‌ಪ್ಲಾಜಾದಲ್ಲಿ ಒಬ್ಬೊಬ್ಬ ಲೇಖಕರಿಗೂ ಒಂದೊಂದು ಪಿನ್, ಅಂದರೆ ಗುರುತಿನ ಸಂಖ್ಯೆ, ಬೇಕು. ನಿಮ್ಮ ಗೈಡ್‌ಗೆ ಹಳೇ ಇಮೇಲಿನಲ್ಲಿ ಒಂದು ಪಿನ್ ಇದ್ದೇ ಇರುತ್ತದೆ, ಪಾಸ್‌ವರ್ಡ್ ನೆನಪಿರುವುದಿಲ್ಲ. ಹೊಸದು ಮಾಡುವ ಮುಂಚೆ ಅವರ ಹೆಸರಿನಿಂದ ಹುಡುಕಿ ನೋಡಿರಿ. ಅವರಿಗೆ ಇವತ್ತು ಸಂಜೆಯೇ ಫೋನ್ ಮಾಡಿ, ಡೆಡ್‌ಲೈನ್ ದಿನ ಅವರು ಯಾವುದೋ ವೈವಾದಲ್ಲಿ ಕೂತಿರುತ್ತಾರೆ.