ಕೊಲೊನೋಸ್ಕೋಪಿಯ ಬದಲು ಮಲ ಪರೀಕ್ಷೆ ಸಾಕೇ ಎಂದು ವೈದ್ಯರನ್ನು ಕೇಳಬಹುದೇ?

ಆರು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಉಂಟುಮಾಡುವ ದೀರ್ಘಕಾಲದ ಕಾಯಿಲೆ) ಇದೆ, ಎರಡು ವರ್ಷಗಳಿಂದ ಯಾವ ತೊಂದರೆಯೂ ಇಲ್ಲ, ಆದರೂ ವೈದ್ಯರು ಮತ್ತೆ ಕೊಲೊನೋಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ ಎನ್ನುತ್ತಿದ್ದಾರೆ, ಅದರ ಬದಲು ಮಲ ಪರೀಕ್ಷೆ ಸಾಲದೇ, ಹಾಗೆ ಕೇಳಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯೊಂದಿಗೆ 11 ವರ್ಷ ಕಳೆದಿರುವ ರೋಗಿ. ನನ್ನ ಅನುಭವವನ್ನೂ ಈ ವರ್ಷಗಳಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಈ ಕಾಯಿಲೆಯ ಚಿಕಿತ್ಸೆಯ ಗುರಿಗಳನ್ನು ಕುರಿತು 2021ರಲ್ಲಿ ಪ್ರಕಟವಾದ ‘ಸ್ಟ್ರೈಡ್-2’ ಎಂಬ ಅಂತರರಾಷ್ಟ್ರೀಯ ಶಿಫಾರಸುಗಳು ಕರುಳಿನ ಒಳಪದರ ಮಾಯುವುದರ ಜೊತೆಯಲ್ಲೇ ರೋಗಿಯ ಬದುಕಿನ ಗುಣಮಟ್ಟವನ್ನೂ ದೀರ್ಘಾವಧಿಯ ಗುರಿಯೆಂದು ಹೇಳುತ್ತವೆ. ಹಾಗಿರುವಾಗ, ಯಾವ ಪರೀಕ್ಷೆ ನಿಮಗೆ ಹಿಂಸೆಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಚಿಕಿತ್ಸೆಗೆ ಹೊರಗಿನ ವಿಷಯವಲ್ಲ. ಆದರೆ ಬರೀ ‘ಬೇಡ’ ಎಂದರೆ ವೈದ್ಯರ ಕೈಗೆ ಏನೂ ಸಿಗುವುದಿಲ್ಲ. ಯಾವುದು ಬೇಡ, ಏಕೆ ಬೇಡ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ಎರಡು ಬಾರಿ ನೆಪ ಹೇಳಿ ಕೊಲೊನೋಸ್ಕೋಪಿಯನ್ನು ಮುಂದೂಡಿದ ಮೇಲೆ ವೈದ್ಯರು, ‘ಇದರಲ್ಲಿ ನಿಮಗೆ ಅತಿ ಕಷ್ಟವಾದದ್ದು ಯಾವುದು?’ ಎಂದು ನೇರವಾಗಿ ಕೇಳಿದರು. ಉತ್ತರ ಹುಡುಕುತ್ತಾ ಹೋದಾಗ, ನನಗೆ ಪರೀಕ್ಷೆಯ ಬಗ್ಗೆ ಭಯವೇ ಇಲ್ಲವೆಂದು ತಿಳಿಯಿತು. ಮಂಪರು ಔಷಧ ಕೊಟ್ಟಿದ್ದರಿಂದ ಅದರ ನೆನಪೂ ನನಗಿಲ್ಲ. ನೆನಪಿದ್ದದ್ದು ಹಿಂದಿನ ರಾತ್ರಿ ಮಾತ್ರ: ಕರುಳು ತೊಳೆಯುವ ಆ ಉಪ್ಪುಪ್ಪು ದ್ರಾವಣ, ಲೋಟ ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕುಳಿತದ್ದು, ಮೂರನೆಯ ಲೀಟರಿಗೆ ಬಂದಾಗ ವಾಸನೆಗೇ ಹೊಟ್ಟೆ ತೊಳಸಿ ಅರ್ಧದಷ್ಟನ್ನು ವಾಂತಿ ಮಾಡಿಕೊಂಡದ್ದು, ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ‘ಕರುಳು ಪೂರ್ತಿ ಶುದ್ಧವಾಗಿಲ್ಲ’ ಎನ್ನಿಸಿಕೊಂಡದ್ದು. ಇದನ್ನು ಹೇಳಿದ ಕೂಡಲೇ ಪರಿಹಾರ ಸಿಕ್ಕಿತು. ನಾಲ್ಕು ಲೀಟರಿನ ಬದಲು ಎರಡು ಲೀಟರಿನ ದ್ರಾವಣ. ಅದರಲ್ಲೂ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಗಿನ ಜಾವ. ಹೀಗೆ ಎರಡು ಕಂತಿನಲ್ಲಿ ಕುಡಿದರೆ ಕರುಳು ಹೆಚ್ಚು ಚೆನ್ನಾಗಿ ಶುದ್ಧವಾಗುತ್ತದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಿಮ್ಮ ಕಾರಣ ಬೇರೆಯೇ ಇರಬಹುದು: ಒಂದು ದಿನದ ಕೆಲಸ ಕೆಡುತ್ತದೆ, ಜೊತೆಗೆ ಬರಲು ಯಾರೂ ಇಲ್ಲ, ಬೇರೆಯವರೆದುರು ಮೈ ತೋರಿಸಲು ಸಂಕೋಚ, ಅಥವಾ ಏನು ಕಂಡುಬಂದೀತೋ ಎಂಬ ದಿಗಿಲು. ಒಂದೊಂದಕ್ಕೂ ಉಪಾಯ ಬೇರೆ.

ಈಗ ಮಲ ಪರೀಕ್ಷೆಯ ವಿಷಯ. ಅದರಲ್ಲಿ ಅಳೆಯುವುದು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು. ಇದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿರುತ್ತದೆ. ಕರುಳಿನಲ್ಲಿ ಉರಿಯೂತವಿದ್ದರೆ ಆ ಕಣಗಳು ಒಳಪದರವನ್ನು ದಾಟಿ ಬರುವುದರಿಂದ ಮಲದಲ್ಲಿ ಅದರ ಪ್ರಮಾಣ ಏರುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯ. 250 ದಾಟಿದರೆ ಉರಿಯೂತ ಸಕ್ರಿಯವಾಗಿರುವ ಸಂಭವ ಹೆಚ್ಚು. ನಡುವಿನದು ಅನುಮಾನದ ವಲಯ. ಅಲ್ಸರೇಟಿವ್ ಕೊಲೈಟಿಸ್ ಇದ್ದೂ ಲಕ್ಷಣಗಳಿಲ್ಲದವರಲ್ಲಿ ಇದು 150ಕ್ಕಿಂತ ಕಡಿಮೆಯಿದ್ದರೆ, ಉರಿಯೂತವಿಲ್ಲವೆಂದು ನಂಬಲು ಪ್ರತಿ ಸಲವೂ ಕೊಲೊನೋಸ್ಕೋಪಿ ಮಾಡಬೇಕಾಗಿಲ್ಲ ಎಂಬರ್ಥದ ಸಲಹೆಯನ್ನು ಅಮೆರಿಕದ ಜಠರ-ಕರುಳು ತಜ್ಞರ ಸಂಘವು 2023ರಲ್ಲಿ ಕೊಟ್ಟಿದೆ. ಎಂದರೆ ನಿಮ್ಮ ಪ್ರಶ್ನೆಗೆ ಆಧಾರವಿದೆ. ಆದರೆ ಆ ಸಂಖ್ಯೆಯನ್ನು ನಿಮ್ಮ ಮಟ್ಟಿಗೆ ಎಷ್ಟು ನಂಬಬಹುದು ಎಂಬುದು ಇನ್ನೊಂದು ಸಂಗತಿಯ ಮೇಲೆ ನಿಂತಿದೆ: ಹಿಂದೆ ನಿಮ್ಮ ಕಾಯಿಲೆ ಉಲ್ಬಣಿಸಿದಾಗ ಅದು ಏರಿತ್ತೇ, ಕರುಳು ಮಾಯ್ದಿದೆ ಎಂದು ಕೊಲೊನೋಸ್ಕೋಪಿಯಲ್ಲಿ ಕಂಡಾಗ ಇಳಿದಿತ್ತೇ? ಇಂಥ ತಾಳೆ ಒಮ್ಮೆಯೂ ಆಗಿಲ್ಲದಿದ್ದರೆ, ವೈದ್ಯರು ಈ ಬಾರಿ ಕಣ್ಣಾರೆ ನೋಡಬೇಕೆನ್ನುವುದರಲ್ಲಿ ನ್ಯಾಯವಿದೆ. ತೊಂದರೆ ಕಾಣಿಸುತ್ತಿಲ್ಲವೆಂದ ಮಾತ್ರಕ್ಕೆ ಒಳಪದರ ಮಾಯ್ದಿದೆ ಎಂದಲ್ಲ.

ಮಲ ಪರೀಕ್ಷೆಯೇ ಸುಲಭವೆಂದು ಎಲ್ಲರೂ ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ನಾನೇ ಕೇಳಿ ಪಡೆದ ಆ ಡಬ್ಬಿ ಮೂರು ವಾರ ಕಪಾಟಿನಲ್ಲೇ ಉಳಿಯಿತು. ಮುಚ್ಚಳಕ್ಕೆ ಅಂಟಿಕೊಂಡ ಪುಟ್ಟ ಚಮಚದಲ್ಲಿ, ನೀರು ತಾಗದಂತೆ ಮಾದರಿ ತೆಗೆದು, ಹೆಸರು, ದಿನಾಂಕ ಬರೆದು, ಮನೆಯವರ ಕಣ್ಣಿಗೆ ಬೀಳದಂತೆ ಚೀಲಕ್ಕೆ ಸೇರಿಸುವ ಕೆಲಸವನ್ನು ದಿನವೂ ನಾಳೆಗೆ ದೂಡುತ್ತಿದ್ದೆ. ಹಾಗೆ ಮಾಡುವವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ಆದ್ದರಿಂದ ಮಲ ಪರೀಕ್ಷೆಯನ್ನು ಆರಿಸಿಕೊಳ್ಳುವ ಮೊದಲು, ಆರೇಳು ತಿಂಗಳಿಗೊಮ್ಮೆ ಅದನ್ನು ನಿಜವಾಗಿಯೂ ಮಾಡಿಸುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮಾಡಿಸಲಾರೆ ಎನ್ನಿಸಿದರೆ ಅದನ್ನೂ ಹೇಳಿಬಿಡಿ. ಅದೂ ನಿಮ್ಮ ಆಯ್ಕೆಗೆ ಸೇರಿದ ಮಾಹಿತಿಯೇ.

ಅಂಕಿಯೊಂದಿಗೆ ಬದುಕುವುದೂ ಎಲ್ಲರಿಗೂ ಒಗ್ಗುವುದಿಲ್ಲ. ಒಮ್ಮೆ ನನ್ನದು 90ರಿಂದ 210ಕ್ಕೆ ಏರಿತು. ಫಲಿತಾಂಶ ಶುಕ್ರವಾರ ಸಂಜೆ ಮೊಬೈಲಿಗೆ ಬಂದಿತ್ತು, ವೈದ್ಯರ ಭೇಟಿ ಮುಂದಿನ ವಾರ. ಆ ನಡುವಿನ ದಿನಗಳಲ್ಲಿ ಶೌಚಕ್ಕೆ ಹೋದಾಗಲೆಲ್ಲ ರಕ್ತವನ್ನೇ ಹುಡುಕುತ್ತಿದ್ದೆ. ಕೊನೆಗೆ ತಿಳಿದದ್ದೇನೆಂದರೆ, ಮಂಡಿ ನೋವಿಗೆಂದು ನುಂಗಿದ ಐಬುಪ್ರೊಫೆನ್‌ನಂಥ ಮಾತ್ರೆಗಳೂ ಈ ಪ್ರಮಾಣವನ್ನು ಏರಿಸಬಲ್ಲವು, ಅದು ದಿನದಿಂದ ದಿನಕ್ಕೂ ವ್ಯತ್ಯಾಸವಾಗುತ್ತದೆ, ಒಂದು ಏರಿಕೆಗಿಂತ ಮತ್ತೆ ಮಾಡಿಸಿದಾಗಿನ ಸಂಖ್ಯೆ ಮುಖ್ಯ. ಈಗ ಫಲಿತಾಂಶವನ್ನು ವೈದ್ಯರ ಮುಂದೆಯೇ ನೋಡುತ್ತೇನೆ.

ಉಳಿದ ಪರೀಕ್ಷೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಕ್ತದ ಸಿಆರ್‌ಪಿ ಪರೀಕ್ಷೆಗೆ (ಉರಿಯೂತವಿದ್ದರೆ ಏರುವ ಒಂದು ಪ್ರೋಟೀನನ್ನು ಇದರಲ್ಲಿ ಅಳೆಯುತ್ತಾರೆ) ಯಾರೂ ಅಂಜುವುದಿಲ್ಲ, ಆದರೆ ಉರಿಯೂತವಿದ್ದೂ ಸಿಆರ್‌ಪಿ ಏರದವರಿದ್ದಾರೆ. ಕರುಳಿನ ಅಲ್ಟ್ರಾಸೌಂಡ್‌ ನನಗೆ ಎಲ್ಲಕ್ಕಿಂತ ಹಿತವೆನಿಸಿತು: ಕರುಳು ತೊಳೆಯಬೇಕಾಗಿಲ್ಲ, ವಿಕಿರಣವಿಲ್ಲ, ಪರದೆಯ ಮೇಲೆ ಕರುಳಿನ ಗೋಡೆಯನ್ನು ತೋರಿಸುತ್ತಾ ಅಲ್ಲೇ ವಿವರಿಸಿದರು. ಆ ಗೋಡೆ 3 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಉರಿಯೂತದ ಅನುಮಾನ. ಆದರೆ ಅದರಲ್ಲಿ ಪಳಗಿದ ಕೈ ಬೇಕು, ಮೇಲಾಗಿ ಗುದನಾಳ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ನಮ್ಮ ಕಾಯಿಲೆ ಶುರುವಾಗುವುದೇ ಅಲ್ಲಿಂದ. ಸಣ್ಣ ಕರುಳಿಗೂ ತಗಲುವ ಕ್ರೋನ್ಸ್ ಕಾಯಿಲೆಯವರಿಗೆ ಎಂಆರ್‌ಐ ಬೇಕಾಗುತ್ತದೆ. ನಿಮಗೆ ಸದ್ಯ ಅದರ ಮಾತಿಲ್ಲ.

ಒಂದು ಕಡೆ ಮಾತ್ರ ಆಯ್ಕೆ ಕಿರಿದಾಗುತ್ತದೆ. ಉರಿಯೂತ ಗುದನಾಳವನ್ನು ಮೀರಿ ಹಬ್ಬಿರುವವರಲ್ಲಿ, ಲಕ್ಷಣಗಳು ಶುರುವಾಗಿ ಸುಮಾರು 8 ವರ್ಷಗಳಾದ ಮೇಲೆ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಯ ಬದಲಾವಣೆಗಳಿವೆಯೇ ಎಂದು ನೋಡಲು ಕೊಲೊನೋಸ್ಕೋಪಿ ಮಾಡುತ್ತಾರೆ. ಪಿತ್ತನಾಳಗಳ ಪಿಎಸ್‌ಸಿ ಎಂಬ ಕಾಯಿಲೆಯೂ ಇದ್ದವರಿಗೆ ಅದು ಮೊದಲ ವರ್ಷದಿಂದಲೇ ಬೇಕು. ಕ್ಯಾಲ್‌ಪ್ರೊಟೆಕ್ಟಿನ್ ಆಗಲಿ ಅಲ್ಟ್ರಾಸೌಂಡ್ ಆಗಲಿ ಈ ಕೆಲಸವನ್ನು ಮಾಡಲಾರವು. ನಿಮ್ಮದು ಆರನೆಯ ವರ್ಷವಾದ್ದರಿಂದ, ವೈದ್ಯರು ಕೇಳುತ್ತಿರುವುದು ಬಹುಶಃ ಒಳಪದರ ಮಾಯ್ದಿದೆಯೇ ಎಂದು ನೋಡಲು. ಹಾಗಿದ್ದರೆ ಮಾತುಕತೆಗೆ ಎಡೆಯಿದೆ. ‘ಈ ಪರೀಕ್ಷೆಯಿಂದ ಏನು ತಿಳಿಯಬೇಕಾಗಿದೆ, ಅದರಿಂದ ನನ್ನ ಔಷಧದಲ್ಲಿ ಏನಾದರೂ ಬದಲಾಗುತ್ತದೆಯೇ?’ ಎಂದು ಕೇಳಿ ನೋಡಿ. ಔಷಧ ಕಡಿಮೆ ಮಾಡುವ ಯೋಚನೆ ಅವರಿಗಿದ್ದರೆ, ನಿಮ್ಮ ಸ್ಥಾನದಲ್ಲಿ ನಾನಿದ್ದರೂ ಕೊಲೊನೋಸ್ಕೋಪಿಯನ್ನೇ ಒಪ್ಪಿಕೊಳ್ಳುತ್ತಿದ್ದೆ. ಈ ನಡುವೆ ರಕ್ತ ಕಾಣಿಸಿಕೊಂಡರೆ ಮಾತ್ರ ಈ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ತಕ್ಷಣ ಅವರನ್ನು ಕಾಣಿ.

ನಿಮ್ಮ ಕೊನೆಯ ಕೊಲೊನೋಸ್ಕೋಪಿ ಯಾವಾಗ ಆಯಿತು, ಆ ಹೊತ್ತಿಗೆ ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿತ್ತು ಎಂಬುದನ್ನು ನೀವು ಬರೆದಿಲ್ಲ. ಭೇಟಿಗೆ ಹೋಗುವ ಮುನ್ನ ಹಳೆಯ ಕಡತದಿಂದ ಆ ಎರಡನ್ನೂ ಹುಡುಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಲ ಪರೀಕ್ಷೆ ಸಾಕೇ ಎಂಬ ಮಾತು ಅಲ್ಲಿಂದಲೇ ಶುರುವಾಗಬೇಕು.